ಗೂಟದ ಬುತ್ತಿ

ಅಜ್ಜಿಯ ಶವವಿದ್ದ ಜನಾಜಾ ಎತ್ತಲು ನಾಲ್ವರು ಬಗ್ಗಿದಾಗ ಸಾಹಿರಾ ಬುತ್ತಿಗಂಟನ್ನು ಎದೆಗವಚಿಕೊಂಡು ಹೊಸ್ತಿಲಿಗೆ ಅಡ್ಡ ನಿಂತಿದ್ದಳು.

"ಸರಿಯವಾ, ದಾರಿ ಬಿಡು," ಎಂದ ಅವಳಪ್ಪ ಜಾಫರಸಾಬ. ತನ್ನ ತಾಯಿ ಸತ್ತ ಬೆಳಗಿನಿಂದ ಅವನ ದನಿ ಒಡೆದಿತ್ತು.

"ಅಬ್ಬಾ, ಇದನ್ನ ದಾದಿ ಜೋಡಿ ಕಳಸ್ರಿ. ನಾ ಮಾತ ಕೊಟ್ಟೇನಿ."

"ರೊಟ್ಟಿ? ಕಬರಿನಾಗ?" ಹೆಗಲು ಕೊಡಲು ಬಂದಿದ್ದ ಬಾಜೂ ಮನೆಯ ಆರೀಫ ಕಣ್ಣರಳಿಸಿದ. "ಮೌಲಾನಾಗ ಗೊತ್ತಾದ್ರ ನಮ್ಮನ್ನೂ ಒಳಗ ಹಾಕಿ ಮುಚ್ಚತಾರ. ಡಿಗ್ರಿ ಕಲತ ಹುಡುಗಿ ಆಡೂ ಮಾತೇನ ಇದು?"

ಹಿಂದೆ ಯಾರೋ ಕಿಸಕ್ಕೆಂದರು. ಸಾಹಿರಾ ಗಂಟನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. ಯಾವಾಗಲೂ ಇದೇ ಹಣೆಬರಹ. ಡೈರಿಯಲ್ಲಿ ಪುಟಗಟ್ಟಲೆ ಬರೆಯುವವಳಿಗೆ ನಾಲ್ಕು ಜನರೆದುರು ನಾಲಿಗೆ ಹೊರಳದು. ತಾಯಿ ಜೀನತ ಅವಳ ರಟ್ಟೆ ಹಿಡಿದು ಬದಿಗೆಳೆದಳು. ಅಜ್ಜಿ ರೋಶನಬಿ ಬುತ್ತಿಯಿಲ್ಲದೆ ಹೊರಟಳು. ಗೋಕಾಕ ಫಾಲ್ಸಿನ ಇಳಿಜಾರು ಓಣಿಯ ತಿರುವಿನಲ್ಲಿ ಜನಾಜಾ ಮರೆಯಾಯಿತು. ಹೆಂಗಸರು ಅದರ ಹಿಂದೆ ಹೋಗುವಂತಿರಲಿಲ್ಲ.

ಶುಕ್ರವಾರಕ್ಕೊಮ್ಮೆ ವಾರವಿಟ್ಟರೂ ಕೆಡದ ಕಟಕ ರೊಟ್ಟಿ ಬಡಿದು, ಐದನ್ನು ಬಟ್ಟೆಯಲ್ಲಿ ಕಟ್ಟಿ ಬಾಗಿಲ ಗೂಟಕ್ಕೆ ತೂಗುಹಾಕುವುದು ರೋಶನಬಿಯ ಪರಿಪಾಠ. ಹೊಸ ಗಂಟು ಏರಿದ ದಿನ ಹಳೆಯದು ಇಳಿದು ಚಹಾದ ಜೊತೆ ಮುಗಿಯುತ್ತಿತ್ತು.

"ಯಾವೂರಿಗೆ ಹೊಂಟೀರಿ, ಅತ್ತಿ? ಯಾರ ಓಡಸಾಕತ್ತಾರ ನಿಮ್ಮನ್ನ?" ಎಂದು ಜೀನತ ಕುಟುಕುತ್ತಿದ್ದಳು.

"ಓಡಸಾವ್ರು ಹೇಳಿ ಬರತಾರೇನವಾ?" ಎನ್ನುತ್ತ ಮುದುಕಿ ಗಂಟು ಬಿಗಿಯುತ್ತಿದ್ದಳು.

*

ಹೋದ ಮಳೆಗಾಲದಲ್ಲಿ ಒಲೆಯ ಮುಂದೆ ಕುಳಿತು ಸಾಹಿರಾ ಕೇಳಿದ್ದಳು: "ಮನ್ಯಾಗ ನಾವ ನಾಕ ಮಂದಿ. ಐದನೇದ ಯಾರಿಗೆ, ದಾದಿ?"

ಹಿಟ್ಟಿನ ಮೇಲೆ ಮುದುಕಿಯ ಕೈ ನಿಂತಿತು.

ನಿಜಾಮನ ರಾಜ್ಯ ಮುಗಿದು ಮುಸಲ್ಮಾನರ ಮನೆಗಳ ಮೇಲೆ ದಾಳಿ ನಡೆದ ವರ್ಷ, ಬೀದರ ಸೀಮೆಯ ಹಳ್ಳಿ. ರೋಶನಬಿಗೆ ಏಳು, ತಮ್ಮ ಬಾಬುವಿಗೆ ನಾಲ್ಕು. ತಾಯಿ ಹಿಟ್ಟು ನಾದುತ್ತಿದ್ದಾಗ 'ಬಂದ್ರು' ಎಂದು ಯಾರೋ ಕೂಗಿದರು. ಹಿಟ್ಟು ಪರಾತದಲ್ಲೇ ಉಳಿಯಿತು. ಮೂರು ದಿನ ನಡೆದರು. ಹಸಿವಿಗೆ ಅತ್ತೂ ಅತ್ತೂ ಬಾಬುವಿನ ದನಿ ಅಡಗಿತು. ಒಂದು ಬಾವಿಕಟ್ಟೆಯಲ್ಲಿ ಹೆಂಗಸೊಬ್ಬಳು ಅವನ ಕೈಗೆ ರೊಟ್ಟಿ ಕೊಟ್ಟು, "ಕೂಸು ಉಳಿಯೂದಿಲ್ಲ, ಇಲ್ಲೇ ಬಿಡ್ರಿ. ಆಮ್ಯಾಲೆ ಬಂದು ಒಯ್ರಿ" ಎಂದಳು. ತಾಯಿ ಬಿಟ್ಟಳು.

"ಅವ ನಮ್ಮ ಕಡೆ ಹೊಳ್ಳಿ ಸೈತ ನೋಡ್ಲಿಲ್ಲವಾ. ರೊಟ್ಟಿ ತಿನ್ನಾಕತ್ತಿದ್ದ."

"ಮತ್ತ ಹೋಗ್ಲಿಲ್ಲೇನ?"

"ಯಾ ಊರು, ಯಾ ಬಾವಿ? ಹೆಸರ ನೆನಸಾಕ ಹೋಗಿ ನಮ್ಮವ್ವ ಸಾಯೂತನಕ ತಲಿ ಬಡಕೊಂಡ್ಳು." ರೋಶನಬಿ ಮತ್ತೆ ರೊಟ್ಟಿ ಬಡಿಯತೊಡಗಿದಳು. "ನಾ ಹೋಗೂ ದಿನ ಬುತ್ತಿ ಬಿಟ್ಟ ಕಳಸಬ್ಯಾಡ. ಅವ ಹಸದಿರತಾನ. ಯಾರಿಗೂ ಹೇಳಬ್ಯಾಡ, ನಗತಾರ."

*

ಗಂಡಸರು ಮಣ್ಣು ಕೊಟ್ಟು ಬಂದಾಗ ಹೊತ್ತು ಮೂರು ದಾಟಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಮಸಗುಪ್ಪಿಯ ಬೀಗರು ಊಟ ತರುತ್ತಿದ್ದ ಟೆಂಪೋ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದಿತ್ತು.

"ಬರೇ ಹೊಟ್ಟೀಲೆ ಎಷ್ಟೊತ್ತ ಕುಂಡ್ರತೀರಿ?" ಎನ್ನುತ್ತ ಎದುರು ಮನೆಯ ಸತ್ತೆವ್ವ ಚಹಾದ ಕಿಟ್ಲಿ ತಂದಿಟ್ಟಳು.

"ಕೊಡ ಇಲ್ಲಿ, ಇದ್ದದ್ದ ತಿನ್ನೂಣು," ಎಂದು ಜೀನತ ಮಗಳ ತೊಡೆಯಿಂದ ಗಂಟು ಕಿತ್ತುಕೊಂಡು ಬಿಚ್ಚಿದಳು.

ರೊಟ್ಟಿ ಮುರಿಯುವ ಸದ್ದು ಮನೆ ತುಂಬಿತು. ಸಾಹಿರಾ ಉಗುರಿನಿಂದ ಚಾಪೆ ಕೆರೆದಳು. ಹೇಳು, ಹೇಳು ಎಂದು ತನಗೇ ಅಂದುಕೊಂಡಳು. ಒಂದು, ಎರಡು, ಮೂರು, ನಾಲ್ಕು.

"ಮುದುಕಿ ಬುತ್ತಿ ಕಡೀಕ ನಮಗಾತ ನೋಡ್ರಿ," ಎಂದ ಆರೀಫ ಚಹಾದಲ್ಲಿ ಅದ್ದುತ್ತ.

ಜಾಫರಸಾಬನ ಕೈ ಐದನೆಯದಕ್ಕೆ ಹೋಯಿತು.

"ಅದನ್ನ ಮುಟ್ಟಬ್ಯಾಡ್ರಿ!"

ಕೂಗಿದ್ದು ತಾನೇ ಎಂದು ತಿಳಿಯಲು ಸಾಹಿರಾಳಿಗೆ ಗಳಿಗೆ ಬೇಕಾಯಿತು.

"ಅದು ಬಾಬುಂದು."

"ಯಾ ಬಾಬು?"

"ನಿಮ್ಮ ಮಾಮು. ದಾದಿ ತಮ್ಮ. ಓಡಿ ಬರೂವಾಗ ದಾರ್ಯಾಗ ಬಿಟ್ಟ ಬಂದ್ರಂತ. ಕೈಯಾಗ ಒಂದ ರೊಟ್ಟಿ ಸೈತ ಇರಲಿಲ್ಲಂತ, ಅಬ್ಬಾ."

ಯಾರೂ ನಗಲಿಲ್ಲ. ಐವತ್ತೆಂಟು ವರ್ಷದ ಜಾಫರಸಾಬ ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗದೆ, ಉಗುಳಲೂ ಆಗದೆ ಮಗಳನ್ನು ನೋಡಿದ.

"ಎಲ್ಲಿ ಅದಾನ?"

ಹೊರಗೆ ಟೆಂಪೋ ಹಾರ್ನ್ ಹಾಕಿತು, ಯಾರೂ ಏಳಲಿಲ್ಲ. ಜಾಫರಸಾಬ ಆ ಒಂದು ರೊಟ್ಟಿಯನ್ನು ಬಟ್ಟೆಯ ನಡುವೆ ಇಟ್ಟು ಗಂಟು ಕಟ್ಟಿದ. ಸಡಿಲಾಯಿತು. ಬಿಚ್ಚಿದ, ತಾಯಿ ಕಟ್ಟುತ್ತಿದ್ದಂತೆ ಹಲ್ಲಿನಿಂದ ಎಳೆದು ಬಿಗಿದ. ಎದ್ದುಹೋಗಿ ಬಾಗಿಲ ಗೂಟಕ್ಕೆ ಹಾಕಿದ. ಕೆನ್ನೆಯಲ್ಲಿ ಆ ತುತ್ತು ಇನ್ನೂ ಹಾಗೇ ಇತ್ತು.