ಬಾಗಿಲ ಹಿಂದೆ ಜನ ಇದ್ದಾರೆ

ಬಾಗಿಲು ಬಲಕ್ಕೆ ಸರಿದು ಮತ್ತೆ ಮುಚ್ಚಿಕೊಂಡಾಗ ಕೆಳಗೊಂದು ಸಂದು ಉಳಿಯಿತಲ್ಲ, ಕಿರುಬೆರಳು ತೂರುವಷ್ಟು, ಬೆಳಕು ಬೇರೆ ಇಣುಕುತ್ತಿದೆ, ಇದೆಂಥ ಆಕಾಶನೌಕೆಯಪ್ಪಾ, ಹೊರಗೆ ಉಸಿರಾಡಲು ಗಾಳಿಯೇ ಇಲ್ಲ ಎಂದು ಈಗಷ್ಟೇ ಕ್ಯಾಪ್ಟನ್ ಭಾಷಣ ಬಿಗಿದ, ಒಳಗಿನ ಗಾಳಿಯೆಲ್ಲ ಈ ಸಂದಿನಲ್ಲೇ ಸೋರಿಹೋಗುವುದಿಲ್ಲವೇ, ಅವನು ಸೋಫಾದ ತುದಿಗೆ ಜರುಗಿ ಕಣ್ಣು ಕಿರಿದು ಮಾಡಿ ಟೀವಿ ನೋಡಿದ, ಅನುಮಾನವೇ ಬೇಡ, ಅದು ಲಿಫ್ಟಿನ ಬಾಗಿಲು, ಮೇಲೆ ಬೆಳ್ಳಿ ಬಣ್ಣ ಬಳಿದು ನಾಲ್ಕು ಕೆಂಪು ದೀಪ ಅಂಟಿಸಿದ್ದಾರೆ ಅಷ್ಟೆ — ಮೂವತ್ತನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿದವನ ಕಣ್ಣಿಗೇ ಮಣ್ಣೆರಚಲು ಹೊರಟಿದ್ದಾರೆ, ಅದೂ ಅವನ ಮಗಳು ಬರೆದ ಕಂತಿನಲ್ಲಿ. ಐದನೇ ಕಂತು, ಐದನೇ ಭಾನುವಾರ, ಮಧ್ಯಾಹ್ನ ಮೂರು ಗಂಟೆ, ಪರದೆ ಎಳೆದ ಕೋಣೆ, ಮೊದಲನೇ ವಾರ ಇಲ್ಲಿ ಹನ್ನೊಂದು ಜನ, ಕೂರಲು ಜಾಗ ಸಾಲದೆ ಮೇಲಿನ ಮಹಡಿಯಿಂದ ಕುರ್ಚಿ ಹೊತ್ತು ತಂದಿದ್ದರು, ಕರೆದವನು ಅವನೇ, ಮೆಟ್ಟಿಲ ಮೇಲೆ ಸಿಕ್ಕವರನ್ನೆಲ್ಲ, ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಮೆತ್ತಿಕೊಂಡು ಕೂತಾಗಲೂ ಬಾಯಿ ಸುಮ್ಮನಿರಲಿಲ್ಲ, ನಮ್ಮ ಹುಡುಗಿ ಬರೆಯೋ ಧಾರಾವಾಹಿ ಕಣ್ರೀ, ಐದನೇ ಕಂತು ಅವಳದು, ಕೊನೇಲಿ ಹೆಸರು ಹಾಕ್ತಾರೆ, ಮರೀದೆ ಬನ್ನಿ — ಎರಡನೇ ವಾರ ಏಳು ಜನ, ಮೂರನೆಯದಕ್ಕೆ ನಾಲ್ಕು, ಆವತ್ತೇ ಅಲ್ಲವೇ ಮೂರನೇ ಮಹಡಿಯ ಮೇಷ್ಟ್ರು ನಡುವೆಯೇ ಎದ್ದು ಚಪ್ಪಲಿ ಹುಡುಕಿದ್ದು, ಬೇಜಾರು ಮಾಡ್ಕೋಬೇಡಿ ಯಜಮಾನ್ರೇ, ಗ್ರಹ ಬದಲಾದ್ರೂ ಅತ್ತೆ ಸೊಸೆ ಜಗಳ ಬದಲಾಗ್ಲಿಲ್ಲ ನೋಡಿ, ಅಂದರು. ಮೈ ಉರಿದಿತ್ತು ಅವನಿಗೆ, ಆದರೆ ಏನಂತ ಎದುರಾಡುವುದು, ನಕ್ಷತ್ರಗಳಾಚೆ ಹೋದವರು ಅಲ್ಲಿ ಏನು ಕಂಡಾರೋ ಎಂದು ಉಸಿರು ಬಿಗಿಹಿಡಿದು ಕಾದರೆ ಕ್ಯಾಪ್ಟನ್ ಕನ್ನಡಿ ಕಂಡ, ತಲೆ ಬಾಚಿಕೊಂಡ. ಇರಲಿ, ಮೊದಲ ನಾಲ್ಕೂ ಬೇರೆಯವರು ಬರೆದದ್ದು, ಐದನೆಯದು ನಮ್ಮ ಪಿಟೀಲಿನದು ಎಂದು ಸಮಾಧಾನ ಮಾಡಿಕೊಂಡಿದ್ದ — ಪಿಟೀಲು ಅಂದರೆ ಮಗಳೇ, ಹುಟ್ಟಿದ ಮೂರು ತಿಂಗಳು ಒಂದೇ ರಾಗದಲ್ಲಿ ಅತ್ತಳೆಂದು ಅವನಿಟ್ಟ ಅಡ್ಡಹೆಸರು. ಈವತ್ತು ಅವಳದನ್ನು ನೋಡಲು ಉಳಿದವರು ಮೂವರೇ, ಅವನು, ಅವನ ಹೆಂಡತಿ, ಊಟಕ್ಕೆ ಬಂದು ಅಲ್ಲೇ ಕಾಲು ಚಾಚಿದ ಭಾಮೈದ.

ಈಗ ಬರುತ್ತದೆ, ಈಗ, ಬಾಗಿಲು ಸಿಕ್ಕಿಕೊಂಡಿತಲ್ಲ, ಒಳಗೆ ಜನ ಕೂಗುತ್ತಿದ್ದಾರೆ, ಇನ್ನು ರಿಪೇರಿಯ ಹೆಂಗಸು ಬಂದು ಬಾಗಿಲ ಮೇಲೆ ಅಂಗೈ ಇಡಬೇಕು, ಮೂರು ತಿಂಗಳ ಹಿಂದೆ ಮಗಳು ಫೋನಿನಲ್ಲಿ ಓದಿ ಹೇಳಿದ್ದು ಅದನ್ನೇ, ಅಪ್ಪ, ಬ್ರೇಕ್ ನೋಡೋದು ಮೊದಲಾ, ಮಾತಾಡೋದು ಮೊದಲಾ, ಮಾತು ಮೊದಲು ಕಣೇ, ಕತ್ತಲಲ್ಲಿ ಸಿಕ್ಕಿಹಾಕಿಕೊಂಡೋರಿಗೆ ಹೊರಗೊಬ್ಬ ಇದ್ದಾನೆ ಅಂತ ಮೊದಲು ಗೊತ್ತಾಗಬೇಕು, ಅಂದಿದ್ದ, ಅವಳಿಗೇನು ಗೊತ್ತಿರಲಿಲ್ಲವೇ, ಒಂಬತ್ತು ವರ್ಷದವಳು ಕಣ್ಣಾರೆ ಕಂಡಿದ್ದಳು — ತಾಯಿಗೆ ಜ್ವರವೆಂದು ಅವಳನ್ನೂ ಕೆಲಸಕ್ಕೆ ಕರೆದುಕೊಂಡು ಹೋದ ದಿನ, ಬಟ್ಟೆ ಅಂಗಡಿಯ ಲಿಫ್ಟು ಎರಡು ಮಹಡಿಗಳ ನಡುವೆ ನಿಂತು ಒಳಗೊಬ್ಬ ಅಜ್ಜಿ ಒಂದೇ ಸಮನೆ ಅಳುತ್ತಿದ್ದಾಳೆ, ಅಜ್ಜಿ, ನಾನು ರಿಪೇರಿಯವನು, ನನ್ನ ಕೈ ಬಾಗಿಲ ಮೇಲಿದೆ, ನಿಮ್ಮ ಕೈಯೂ ಇಲ್ಲೇ ಇಡಿ, ಆಮೇಲೆ ಮಗಳ ಕಡೆ ತಿರುಗಿ, ನಾನು ಮೇಲೆ ಹೋಗ್ತೀನಿ, ನೀನು ಮಾತಾಡಿಸ್ತಿರು, ನಿಲ್ಲಿಸಬೇಡ, ಅಂತ ಹೇಳಿ ಮೋಟಾರಿನ ಕೋಣೆಗೆ ಏರಿದ, ನಲವತ್ತು ನಿಮಿಷ ಬಿಟ್ಟು ಇಳಿದು ಬಂದರೆ ಈ ಪಿಟೀಲು ಬಾಗಿಲಿಗೆ ಕೆನ್ನೆ ಒತ್ತಿಕೊಂಡು ಚಂದ್ರನಲ್ಲಿಗೆ ಹೋದ ಬೆಕ್ಕಿನ ಕಥೆ ಹೇಳುತ್ತಿದೆ, ಒಳಗಿನ ಅಜ್ಜಿ ಕೇಳುತ್ತಿದ್ದಾಳೆ, ಅಲ್ಲಿ ಹಾಲು ಸಿಕ್ತೇನೇ ಅದಕ್ಕೆ? ಆ ಅಜ್ಜಿಯೇ ಇವಳ ಕಥೆ ಮೊದಲು ಕೇಳಿದವಳು, ಅಂಥವಳು ಬರೆದ ದೃಶ್ಯ, ಇನ್ನೇನು ಬಂತು — ಎಲ್ಲಿ ಆ ಹೆಂಗಸು, ಅಯ್ಯೋ, ಮೂಲೆಯಲ್ಲಿ ಟಾರ್ಚು ಹಿಡಿದು ನಿಂತಿದ್ದಾಳೆ, ಬಾಯಿಗೊಂದು ಮಾತಿಲ್ಲ, ಕ್ಯಾಪ್ಟನ್ ಬಂದ, ಸೊಂಟದಿಂದ ಬಂದೂಕು ಎಳೆದ, ಢಂ, ಬಾಗಿಲು ಚೂರುಚೂರು, ಹೊಗೆ, ಹಿನ್ನೆಲೆಯಲ್ಲಿ ಸಂಗೀತ, ಹೊಗೆಯಿಂದ ಜನ ನಗುತ್ತ ಹೊರಬಂದರು, ಒಬ್ಬರ ಕೂದಲೂ ಕೆದರಿಲ್ಲ. ಈಗೊಂಚೂರು ಕಳೆ ಬಂತು ನೋಡಿ ಭಾವ, ಅಂದ ಭಾಮೈದ. ಕಳೆಯಂತೆ, ಇವನ ತಲೆ, ಬಾಗಿಲ ಹಿಂದೆಯೇ ಜನ ನಿಂತಿರುವಾಗ ಯಾವನಾದರೂ ಗುಂಡು ಹೊಡೆಯುತ್ತಾನೆಯೇ, ಮಗಳು ಬರೆದದ್ದು ಇದಲ್ಲ, ಅಥವಾ ಆಮೇಲೆ ಅವಳೇ ಹೀಗೆ ಬರೆದಳೋ, ಬರೆದುಬಿಟ್ಟಳೇ?

ಹೆಸರುಗಳು ಕೆಳಗಿಂದ ಮೇಲೆ ಹರಿಯತೊಡಗಿದವು, ಹೆಂಡತಿ ಕನ್ನಡಕ ಒರೆಸಿಕೊಂಡು ಟೀವಿಯ ಹತ್ತಿರವೇ ಹೋಗಿ ನಿಂತಳು, ಕಥೆ ಅಂತ ಒಂದು ಹೆಸರು, ಸಂಭಾಷಣೆ ಅಂತ ಇನ್ನೊಂದು, ಎರಡೂ ಅವಳದಲ್ಲ, ಬಟ್ಟೆ ಇಸ್ತ್ರಿ ಮಾಡಿದವರ ಹೆಸರು ಬಂತು, ವ್ಯಾನ್ ಓಡಿಸಿದವರದು ಬಂತು, ಪರದೆ ಕಪ್ಪಾಯಿತು. ರೀ, ಕಣ್ ತಪ್ಪಿ ಹೋಯ್ತೇನೋ, ಹಿಂದಕ್ಕೆ ಓಡಿಸಿ, ಓಡಿಸಿದ, ಮತ್ತೊಮ್ಮೆ ಓಡಿಸಿದ, ಇಲ್ಲ. ಭಾಮೈದ ಚಾಚಿದ ಕಾಲನ್ನು ಮಡಚಿಕೊಂಡು ದನಿ ತಗ್ಗಿಸಿದ, ಭಾವ, ತಪ್ಪು ತಿಳ್ಕೋಬೇಡಿ, ಅವಳು ನಿಜವಾಗ್ಲೂ ಅಲ್ಲಿ ಬರೆಯೋ ಕೆಲಸದಲ್ಲೇ ಇದ್ದಾಳೆ ತಾನೇ? ಎಂಥ ಮಾತಾಡ್ತೀಯೋ, ಎಂದು ಅಕ್ಕ ಗದರಿದಳು, ಆದರೆ ಗದರಿಕೆಯಲ್ಲಿ ಕಸುವಿರಲಿಲ್ಲ, ಅವನಿಗೂ ಕ್ಷೌರದಂಗಡಿಯ ಕನ್ನಡಿಯಲ್ಲಿ ನೊರೆ ಮೆತ್ತಿದ ತನ್ನದೇ ಮುಖ ಕೊಚ್ಚಿಕೊಳ್ಳುತ್ತಿದ್ದದ್ದು ನೆನಪಾಗಿ ನಾಚಿಕೆಯಾಯಿತು, ಅಷ್ಟರಲ್ಲಿ ಫೋನು. ಅಪ್ಪ, ನೋಡಿದ್ಯಾ? ನೋಡ್ದೆ. ಹೇಗಿತ್ತು? ಹೆಂಡತಿ ಕೈ ಆಡಿಸಿ ಸನ್ನೆ ಮಾಡುತ್ತಿದ್ದಾಳೆ, ಚೆನ್ನಾಗಿತ್ತು ಅನ್ನಿ, ಚೆನ್ನಾಗಿತ್ತು ಅನ್ನಿ, ಒಂದು ಮಾತು, ಹೇಳಿದರೆ ಏನು ಗಂಟು ಹೋಗುತ್ತದೆ, ಆದರೆ ಹೊರಗಿನಿಂದ ಬಾಗಿಲ ಮೇಲೆ ಕೈಯಿಟ್ಟು ಅವನು ಈವರೆಗೆ ಒಳಗಿನವರಿಗೆ ಸುಳ್ಳು ಹೇಳಿದವನಲ್ಲ, ಐದು ನಿಮಿಷ ಅಂದರೆ ಐದೇ, ಒಂದು ಗಂಟೆ ಅಂದರೆ ಒಂದು ಗಂಟೆಯೇ. ಚೆನ್ನಾಗಿಲ್ಲ ಕಣಮ್ಮ, ಅಂದ, ಒಂದ್ ಚೂರೂ ಚೆನ್ನಾಗಿಲ್ಲ, ಬಾಗಿಲ ಹಿಂದೆ ಜನ ಇದ್ರಲ್ಲೇ, ಗುಂಡು ಹೊಡೆಯೋದಾ?

ಆ ಕಡೆ ಮೂಗೆಳೆದ ಸದ್ದು, ಅತ್ತಳೋ, ಅಲ್ಲ, ನಗು, ಮೂಗು ಕಟ್ಟಿದ ನಗು — ಅಪ್ಪ, ಇದೇ ಮಾತು, ಅಕ್ಷರ ಬಿಡದೆ ಇದೇ ಮಾತು ಹೇಳ್ದೆ ನಾನು, ಮೀಟಿಂಗಲ್ಲಿ ಹನ್ನೆರಡು ಜನ ಕೂತಿದ್ರು, ಯಾರಿಗೂ ಅದೊಂದು ಮಾತು ಅಂತಲೇ ಅನ್ನಿಸಲಿಲ್ಲ, ಬಂದೂಕು ಇಲ್ಲದಿದ್ರೆ ಜನ ಚಾನೆಲ್ ಬದಲಾಯಿಸ್ತಾರೆ ಅಂದ್ರು, ಹಾಗಿದ್ರೆ ನನ್ನ ಹೆಸರು ತೆಗೀರಿ ಅಂದೆ, ಹೆಸರಿನ ಪಟ್ಟಿ ಮುಂದೆ ತಳ್ಳಿ ನೀನೇ ಗೆರೆ ಹೊಡೆದು ಸಹಿ ಹಾಕಮ್ಮ ಅಂದ್ರು, ಹಾಕ್ದೆ. ನಂಗ್ಯಾಕೆ ಹೇಳ್ಲಿಲ್ಲ? ಬೀದಿಗೆಲ್ಲ ಹೇಳ್ಕೊಂಡು ಬಂದಿದ್ಯಲ್ಲಪ್ಪ, ಹೇಗೆ ಹೇಳ್ಲಿ, ಇನ್ಮೇಲೆ ಬರೆಯೋಕೆ ಕರೀತಾರೋ ಇಲ್ವೋ ಅದೂ ಗೊತ್ತಿಲ್ಲ, ಬೇಜಾರಾಯ್ತಾ? ಬೇಜಾರಾ, ಎಂದ ಅವನು, ಅಷ್ಟರಲ್ಲಾಗಲೇ ಕಣ್ಣೆದುರು ಎಷ್ಟೋ ವರ್ಷದ ಹಿಂದಿನ ಇನ್ನೊಂದು ಕಾಗದ ಬಂದು ನಿಂತಿತ್ತು, ಹೊಸ ಕಟ್ಟಡ, ನಾಳೆ ಉದ್ಘಾಟನೆ, ಲಿಫ್ಟಿನ ಬ್ರೇಕು ಜಾರುತ್ತಿದೆ, ಎಲ್ಲ ಸರಿಯಿದೆ ಅಂತ ಸಹಿ ಹಾಕಯ್ಯಾ ಆಮೇಲೆ ನೋಡ್ಕೊಳ್ಳೋಣ ಅನ್ನುತ್ತಾನೆ ಮ್ಯಾನೇಜರು, ಅವನು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡು ಹೊರಬಂದಿದ್ದ, ಮಾರನೇ ವಾರವೇ ನೆಲಮಾಳಿಗೆಯ ಸಾಮಾನು ಕೋಣೆಗೆ ವರ್ಗ, ಎರಡು ವರ್ಷ ನಟ್ಟು ಬೋಲ್ಟು ಆರಿಸಿದ, ಮನೆಯಲ್ಲಿ ಮೊಣಕಾಲು ನೋವು, ಅದಕ್ಕೇ ಹಗುರದ ಕೆಲಸ ಕೊಟ್ಟಿದ್ದಾರೆ ಅಂದಿದ್ದ, ಹೆಂಡತಿ ಎರಡು ವರ್ಷ ಎಣ್ಣೆ ತಿಕ್ಕಿದಳು ನೋವಿಲ್ಲದ ಮೊಣಕಾಲಿಗೆ, ಮಗಳಿಗೆ ಅದು ಗೊತ್ತೇ ಇಲ್ಲ, ಯಾರಿಗೂ ಗೊತ್ತಿಲ್ಲ, ಅಂದರೆ ಇದನ್ನು ಅವಳು ಅಪ್ಪನನ್ನು ನೋಡಿ ಕಲಿತದ್ದಲ್ಲ, ಅವಳದೇ, ಪೂರಾ ಅವಳದೇ. ಹೇಳಲೇ ಈಗ, ಬೇಡ, ಇದರಲ್ಲಿ ಪಾಲು ಕೇಳಬಾರದು. ಇಲ್ಲಮ್ಮ, ಬೇಜಾರಿಲ್ಲ, ಮುಂದಿನ ಭಾನುವಾರ ಬಾ, ನಿನ್ನ ಆ ಕಂತನ್ನ ಓದು, ನಮ್ಮ ಮನೇಲೇ, ಎಲ್ಲರನ್ನೂ ಕರೀತೀನಿ, ಮೇಷ್ಟ್ರನ್ನೂ ಕರೀತೀನಿ. ಫೋನು ಇಟ್ಟ. ಏನಂತೆ ಭಾವ, ಹೆಸರು ಮರೆತರಂತಾ? ಮರೆತಿದ್ದಲ್ಲ, ಎಂದ ಅವನು, ಯಾಕೋ ದನಿ ಮೆಟ್ಟಿಲವರೆಗೂ ಕೇಳುವಷ್ಟು ಜೋರಾಯಿತು, ಅವಳೇ ತೆಗೆಸಿದ್ಲು. ಅಯ್ಯೋ, ಒಂದ್ಸಲ ಹೆಸರು ಬಂದ್ರೆ ಸಾಕು ಅಂತ ಜನ ಸಾಯ್ತಾರೆ. ಹೌದು ಕಣಯ್ಯಾ, ಜನ ಸಾಯ್ತಾರೆ, ಇವಳು ತೆಗೆಸಿದ್ಲು, ಅನ್ನುತ್ತ ಎದ್ದು ಕಿಟಕಿಯ ಪರದೆ ಸರಿಸಿದ, ಬಿಸಿಲು ಒಳಗೆ ಬಿತ್ತು, ಹೆಂಡತಿ ಏನೋ ಕೇಳಿದಳು, ಕಿವಿಗೆ ಬೀಳಲಿಲ್ಲ, ಅವನಿಗೆ ಕಾಣುತ್ತಿದ್ದುದು ಅವನು ನೋಡೇ ಇಲ್ಲದ ಕೋಣೆ, ಉದ್ದನೆಯ ಮೇಜು, ಹನ್ನೆರಡು ಮುಖ, ಹೆಸರುಗಳ ಪಟ್ಟಿ, ಅದರ ಮೇಲೆ ಅವಳ ಕೈ, ಅಡ್ಡಲಾಗಿ ಒಂದು ಗೆರೆ — ಸಂಜೆಗೆ ಮೇಷ್ಟ್ರಿಗೆ ಹೇಳಬೇಕು, ಕ್ಷೌರದಂಗಡಿಯಲ್ಲಿ ಹೇಳಬೇಕು, ಎಲ್ಲಿಂದ ಶುರು ಮಾಡುವುದು, ಮತ್ತೆ ಅದೇ ಮೇಜು, ಅದೇ ಕೈ, ಪೆನ್ನು ಕಾಗದ ಮುಟ್ಟುತ್ತದೆ, ಎಡದಿಂದ ಬಲಕ್ಕೆ, ನಡುಗದೆ, ತನ್ನ ಹೆಸರಿನ ಮೇಲೆ ತಾನೇ ಎಳೆದ ಗೆರೆ, ನೇರ, ಆ ಗೆರೆ