ಕುದುರೆ ಪಿಚ್ಚರಿನ ಆವಲಪ್ಪ

“ನಿಮ್ಮಪ್ಪನ ಮುಖಾನ ನಿಂಗೆ ನಾನು ತೋರಿಸ್ತೀನಿ ಕಣೇ, ಅಳಬೇಡ” ಎಂದು ಹನುಮಂತರಾಯಪ್ಪ ಹೆಂಡತಿ ಕದಿರಮ್ಮನಿಗೆ ಮಾತು ಕೊಟ್ಟದ್ದು ಮದುವೆಯಾದ ಮೊದಲ ವರ್ಷದ ಮಹಾಲಯ ಅಮಾವಾಸ್ಯೆಯಂದು. ಅವತ್ತು ಹಿರಿಯರಿಗೆ ಎಡೆ ಇಡುವ ದಿನ. ಫೋಟೋ ಇದ್ದವರು ಫೋಟೋ ಮುಂದೆ ಇಡುತ್ತಾರೆ, ಇಲ್ಲದವರು ಬಟ್ಟೆಯ ಮುಂದೆ. ಸಮೇತನಹಳ್ಳಿಯ ಅವಳ ತವರಿನಲ್ಲಿ ಮಡಿಸಿಟ್ಟ ಪಂಚೆಯೇ ಅಪ್ಪ. ಅವಳಪ್ಪ ಆವಲಪ್ಪ ಒಂದು ಫೋಟೋ ಕೂಡ ತೆಗೆಸಿಕೊಳ್ಳದೆ ಜ್ವರ ಬಂದು ಹೋಗಿಬಿಟ್ಟಿದ್ದ. ಆಗ ಕದಿರಮ್ಮ ತೊದಲು ಮಾತಿನ ಕೂಸು. ಅಪ್ಪನ ಬೀಡಿಯ ವಾಸನೆ ಅವಳಿಗೆ ನೆನಪಿತ್ತು, ಮುಖ ನೆನಪಿರಲಿಲ್ಲ.

ಹನುಮಂತರಾಯಪ್ಪನ ಮಾತು ಸುಮ್ಮನೆ ಸಮಾಧಾನಕ್ಕೆ ಹೇಳಿದ್ದಲ್ಲ. ಆವಲಪ್ಪ ತೀರಿಕೊಂಡ ಹಿಂದಿನ ವರ್ಷ ಹೊರದೇಶದ ಜನ ಬಂದು ದೇವನಹಳ್ಳಿ ಕೋಟೆಯ ಆಚೆ ಬಯಲಿನಲ್ಲಿ ಒಂದು ಸಿನಿಮಾ ತೆಗೆದಿದ್ದರು. ಅದರ ಇಂಗ್ಲಿಷು ಹೆಸರು ಯಾರ ಬಾಯಿಗೂ ಹತ್ತದೆ ಊರಿನವರೆಲ್ಲ ‘ಕುದುರೆ ಪಿಚ್ಚರ್’ ಅಂತಲೇ ಕರೆದರು. ಅದಕ್ಕೆ ಸುತ್ತಲ ಹಳ್ಳಿಗಳಿಂದ ಎತ್ತಿನ ಗಾಡಿಗಳನ್ನು ಬಾಡಿಗೆಗೆ ಕರೆಸಿದ್ದರು. ಆವಲಪ್ಪನೂ ಗಾಡಿ ಕಟ್ಟಿಕೊಂಡು ಹೋಗಿದ್ದ. ಆದರೆ ಆ ಪಿಚ್ಚರ್ ಈ ಸೀಮೆಯ ಯಾವ ಟೆಂಟಿಗೂ ಬರಲಿಲ್ಲ. ಹನುಮಂತರಾಯಪ್ಪ ಗಾಂಧಿನಗರದಲ್ಲಿ ಸಿನಿಮಾ ಹಂಚುವವರ ಆಫೀಸುಗಳ ಮೆಟ್ಟಿಲು ಹತ್ತಿದ, ಇಳಿದ. “ಆ ರೀಲು ಎಲ್ಲಾ ಸುಟ್ಟೋಯ್ತಂತೆ ಹೋಗ್ರೀ” ಅಂದರು. ಅವನು ನಂಬಲಿಲ್ಲ. ಮೂರು ವರ್ಷದ ಕೆಳಗೆ, ಕೊಟ್ಟ ಮಾತು ತೀರಿಸಲಾಗದೆ ಕಣ್ಣು ಮುಚ್ಚಿದ.

ಸೊಸೆ ಶಾಮಲಾ ಈ ಕಥೆಯನ್ನು ಮದುವೆಯಾಗಿ ಬೂದಿಗೆರೆಗೆ ಬಂದ ವಾರದಲ್ಲೇ ಕೇಳಿದ್ದಳು. ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. ಬೆಳಗಿನ ಜಾವ ಎದ್ದು ಊರಿನ ಹಾಲಿನ ಡೈರಿಗೆ ಓಡಬೇಕು, ತಂದವರ ಹಾಲನ್ನು ಪರೀಕ್ಷೆ ಮಾಡಿ ಕ್ಯಾನಿಗೆ ಸುರಿಯಬೇಕು, ಸಂಜೆ ಮತ್ತೆ ಅದೇ. ನಡುವೆ ಮನೆ, ದನ, ಕಾಲೇಜಿಗೆ ಹೋಗುವ ಮಗಳು ಅಕ್ಷತ, ಏರ್‌ಪೋರ್ಟಿಗೆ ಕ್ಯಾಬ್ ಓಡಿಸುವ ಗಂಡ ಮುನಿಕೃಷ್ಣ. ಎಂದೋ ತೆಗೆದ ಪಿಚ್ಚರಿನ ಬಗ್ಗೆ ಯೋಚಿಸಲು ಅವಳಿಗೆ ಪುರುಸೊತ್ತಿರಲಿಲ್ಲ.

ಪುರುಸೊತ್ತು ಮಾಡಿಕೊಂಡವಳು ಅಕ್ಷತ. ಒಂದು ಸಂಜೆ ಫೋನು ಹಿಡಿದು ಅಡುಗೆಮನೆಗೆ ಬಂದವಳೇ “ಅಜ್ಜೀ, ನಿನ್ ಕುದುರೆ ಪಿಚ್ಚರ್ ಸಿಕ್ತು” ಅಂದಳು. ಮರೆತುಹೋದ ಹಳೇ ಸಿನಿಮಾಗಳನ್ನು ಹುಡುಕಿ, ತೊಳೆದು ಬೆಳಗಿ, ಸಂಗ್ರಹ ಮಾಡುವ ಹುಚ್ಚಿರುವವರಿಗಾಗಿ ಕೆಲವೇ ಕೆಲವು ಡಿಸ್ಕು ಮಾಡಿ ಮಾರುವ ಸಣ್ಣ ಕಂಪನಿಯೊಂದು ಹೊರದೇಶದಲ್ಲಿತ್ತು. ಅವರ ಹತ್ತಿರ ಉಳಿದಿದ್ದೇ ಆರು. ಆವಲಪ್ಪನ ಮಕ್ಕಳ ಮನೆಗಳೂ ಸರಿಯಾಗಿ ಆರು.

“ಆರೂ ತರಿಸ್ಬಿಡು” ಅಂದಳು ಕದಿರಮ್ಮ. “ಅನುಗೊಂಡನಹಳ್ಳಿ ಅಣ್ಣನ ಮನೆಗೆ ಕೊಟ್ಟು ನಮ್ಮಕ್ಕನ ಮನೆಗೆ ಬಿಟ್ರೆ ಜನ್ಮೇಪಿ ಮಾತಾಡ್ಸಲ್ಲ ಅವ್ಳು. ಇನ್ನೊಂದು ಕೇಳು. ಪಾರ್ಸಲ್ಲು ನಿಮ್ಮ ತಾತನ ಹೆಸ್ರಿಗೆ ಬರ್ಲಿ.”

“ತಾತ ಇಲ್ವಲ್ಲಜ್ಜಿ.”

“ಕರೆಂಟ್ ಬಿಲ್ಲು ಬರಲ್ವ ಅವ್ರ ಹೆಸ್ರಿಗೆ? ಹಂಗೇ ಇದೂ ಬರ್ತದೆ.”

ಅಕ್ಷತ ತಾತನ ಹೆಸರನ್ನೇ ಬರೆದಳು, ಕೇಳಿದ ಕಡೆ ತಾತನ ಆಧಾರನ್ನೇ ಹಾಕಿದಳು. ಬೇಡ ಅನ್ನಲು ಶಾಮಲಾಗೆ ಅವತ್ತು ತೋಚಲಿಲ್ಲ.

ಡಿಸ್ಕುಗಳು ಸಮುದ್ರ ದಾಟಿ ಬಂದವು. ಏರ್‌ಪೋರ್ಟಿನ ಸರಕು ವಿಭಾಗದಲ್ಲಿ ಕಸ್ಟಮ್ಸಿನವರು ತಡೆಹಿಡಿದರು. ನಕಲಿ ಮಾಲೆಂಬ ಅನುಮಾನ, ವಿಚಾರಣೆಗೆ ಬನ್ನಿ ಎಂದು ಮೆಸೇಜು ಬಂತು.

ಮುನಿಕೃಷ್ಣ ಹೋದ. ದಿನವೂ ಏರ್‌ಪೋರ್ಟಿಗೆ ಹೋಗುವವನಾದರೂ ಆ ಕಡೆಯ ಗೇಟನ್ನು ಅವನು ಕಂಡವನಲ್ಲ. ಒಂದೇ ಥರದ ಆರು ಡಬ್ಬಿ, ಮೇಲೆ ಬೆಲೆಯಿಲ್ಲ, ಹೊಳೆಯುವ ಮುದ್ರೆಯ ಚೀಟಿಯಿಲ್ಲ, ಒಂದೊಂದರ ಮೇಲೂ ಯಾರೋ ಪೆನ್ನಿನಲ್ಲಿ ಬರೆದ ನಂಬರು. “ಯಾರಪ್ಪ ಹನುಮಂತರಾಯಪ್ಪ? ಡಿಸ್ಕ್ ವ್ಯಾಪಾರನಾ?” ಎಂದು ಅಧಿಕಾರಿ ಕೇಳಿದರು. ಮುನಿಕೃಷ್ಣನಿಗೆ ಕಚೇರಿಗಳ ಅನುಭವವಿತ್ತು. ಸತ್ತವರ ಹೆಸರು ಎತ್ತಿದರೆ ಇನ್ನೊಂದು ಹತ್ತು ಕಾಗದಕ್ಕೆ ಓಡಾಡಿಸುತ್ತಾರೆ ಎಂದು ಹೆದರಿ, “ನಮ್ಮ ತಂದೆ ಸಾರ್. ಮನೇಲವ್ರೆ” ಅಂದುಬಿಟ್ಟ.

“ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ.”

ಮನೆಗೆ ಬಂದು ಹೇಳಿದಾಗ ಶಾಮಲಾ ಹಣೆ ಚಚ್ಚಿಕೊಂಡಳು. “ಎಲ್ಲಿಂದ ಕರ್ಕೊಂಡ್ ಹೋಗ್ತೀರ ರೀ? ತೋಟದ ಮೂಲೇಲಿ ಮಣ್ಣು ಮಾಡಿರೋರನ್ನ ಎಬ್ಬಿಸ್ತೀರಾ?”

“ಬಾಯಿಗ್ ಬಂದ್ಬಿಡ್ತು ಕಣೇ.”

“ನಿಮಗಿಂತ ಹಾಲಿಗೆ ನೀರು ಹಾಕಿ ಇಲ್ಲ ಅನ್ನೋರೇ ವಾಸಿ.”

ಅಷ್ಟರಲ್ಲಿ ಸಮೇತನಹಳ್ಳಿಯಿಂದ ಫೋನು. ಕದಿರಮ್ಮನ ಹಿರಿಯಣ್ಣ ಅಪ್ಪಯ್ಯಣ್ಣನಿಗೆ ಮತ್ತೆ ಉಸಿರು ಕಟ್ಟಿ ಹೊಸಕೋಟೆಯ ಆಸ್ಪತ್ರೆಗೆ ಸೇರಿಸಿದ್ದರು. ಕದಿರಮ್ಮ ಫೋನನ್ನು ಕೆಳಗಿಟ್ಟು ಜಗುಲಿಯ ಮೇಲೆ ಕೂತಳು. ಶಾಮಲಾ ಪಕ್ಕದಲ್ಲಿ ಕೂತಾಗ ಅವಳು ಮೆಲ್ಲಗೆ ಹೇಳಿದಳು, “ಗಾಡಿಯೋರು ನಲ್ವತ್ತು ಐವತ್ತು ಜನ ಇದ್ರಂತೆ ಕಣಮ್ಮ. ಅದ್ರಲ್ಲಿ ನಮ್ಮಪ್ಪ ಯಾರು ಅಂತ ಹೇಳಕ್ಕೆ ಈಗ ಉಳ್ದಿರೋನು ನಮ್ಮಣ್ಣಯ್ಯ ಒಬ್ನೇ. ಅವತ್ತು ಅವ್ನೂ ಗಾಡಿ ಮೇಲೆ ಹೋಗಿದ್ದ. ಅವ್ನು ಹೋಗ್ಬಿಟ್ರೆ ಪಿಚ್ಚರ್ ಬಂದೂ ಏನು?”

ಶಾಮಲಾಗೆ ಆಗ ವಿಷಯ ಎದೆಗೆ ತಾಕಿತು. ಡಿಸ್ಕು ಸಿಕ್ಕರೆ ಸಾಲದು, ಅಪ್ಪಯ್ಯಣ್ಣನ ಕಣ್ಣಿಗೆ ಬೆಳಕಿರುವಾಗ ಸಿಗಬೇಕು. ಮಾರನೇ ದಿನ ಬೆಳಗಿನ ಹಾಲು ಮುಗಿಸಿ, ಬೀರುವಿನಿಂದ ಮಾವನ ಮರಣ ಪತ್ರ ತೆಗೆದುಕೊಂಡು, ಗಂಡ ಮತ್ತು ಅತ್ತೆಯೊಡನೆ ಹೊರಟಳು. ಕದಿರಮ್ಮ ಹಿತ್ತಲಿನ ಮರದಿಂದ ಎರಡು ಚಕ್ಕೋತ ಕಿತ್ತು ಚೀಲಕ್ಕೆ ಹಾಕಿಕೊಂಡಳು. ಬರಿಗೈಲಿ ಹೋಗಬಾರದಲ್ಲ.

ಅಧಿಕಾರಿಯ ಹೆಸರು ಹರಿಪ್ರಸಾದ್. ಕದಿರಮ್ಮನನ್ನು ಕಂಡೊಡನೆ ತಾವೇ ಎದ್ದು ಕುರ್ಚಿ ಎಳೆದುಕೊಟ್ಟರು. ಆಮೇಲೆ ಮುನಿಕೃಷ್ಣನತ್ತ ತಿರುಗಿ, “ತಂದೆಯವರು ಬಂದಿದಾರಾ?” ಅಂದರು.

ಮುನಿಕೃಷ್ಣ ಫ್ಯಾನು ನೋಡಿದ. “ಅವ್ರಿಗೆ ಸ್ವಲ್ಪ ಹುಷಾರಿಲ್ಲ ಸಾರ್.”

“ಇಲ್ಲ ಸಾರ್” ಅಂದಳು ಶಾಮಲಾ. ಕಾಗದವನ್ನು ಮೇಜಿನ ಮೇಲಿಟ್ಟಳು. “ನಮ್ಮ ಮಾವ ತೀರ್ಕೊಂಡು ಮೂರು ವರ್ಷ ಆಯ್ತು. ಇವ್ರು ಹೆದ್ರಿ ಸುಳ್ಳೇಳ್ತಾವ್ರೆ.”

ಹರಿಪ್ರಸಾದ್ ಕಾಗದ ಓದಿದರು, ಮುನಿಕೃಷ್ಣನನ್ನು ನೋಡಿದರು. “ಹೋದ್ಸಲ ಮನೇಲಿದ್ರು. ಇವತ್ತು ಹುಷಾರಿಲ್ಲ. ಇನ್ನೊಂದ್ಸಲ ಕರೆದಿದ್ರೆ ನೀವೇ ತೀರಿಸ್ಬಿಡ್ತಿದ್ರಿ ಅನ್ಸುತ್ತೆ.”

ಮುನಿಕೃಷ್ಣ ತಲೆ ತಗ್ಗಿಸಿದ. ಕದಿರಮ್ಮ ಬಾಯಿ ಹಾಕಿದಳು. “ಅವ್ರ ಹೆಸ್ರಿಗೆ ಬರ್ಲಿ ಅಂದಿದ್ದು ನಾನು ಸ್ವಾಮಿ. ಮಾತು ಕೊಟ್ಟಿದ್ದು ಅವ್ರು. ತಂದ್ಕೊಡೋದೂ ಅವ್ರೇ ಆಗ್ಲಿ ಅಂತ.” ಪಂಚೆಯ ಮುಂದಿನ ಎಡೆಯಿಂದ ಹಿಡಿದು ಹೊಸಕೋಟೆ ಆಸ್ಪತ್ರೆಯ ಅಣ್ಣನವರೆಗೆ ಎಲ್ಲ ಹೇಳಿದಳು. ಹರಿಪ್ರಸಾದ್ ನಡುವೆ ಒಮ್ಮೆಯೂ ಗಡಿಯಾರ ನೋಡಲಿಲ್ಲ. ಅದನ್ನು ಶಾಮಲಾ ಗಮನಿಸಿದಳು.

“ಅಮ್ಮ, ನಿಮ್ಮ ಮಾತು ನಂಬ್ತೀನಿ” ಅಂದರು ಅವರು. “ಆದ್ರೆ ನಾನು ನಂಬಿದ್ರೆ ಸಾಲದು. ನಕಲಿ ಅಂತಾದ್ರೆ ಇವನ್ನ ನಾಶ ಮಾಡ್ಬೇಕಾಗುತ್ತೆ.”

ಶಾಮಲಾಗೆ ಸಿಟ್ಟು ಬರಲಿಲ್ಲ. ಆ ಮೇಜಿನ ಆಚೆ ಬದಿಯಲ್ಲಿ ಕೂರುವುದು ಎಂಥ ಕೆಲಸವೆಂದು ಅವಳಿಗೆ ಗೊತ್ತಿತ್ತು. ಸ್ವಂತ ಚಿಕ್ಕಪ್ಪನ ಹಾಲಿನಲ್ಲಿ ಡಿಗ್ರಿ ಬರಲಿಲ್ಲ, ನೀರು ಬೆರೆತಿದೆ ಎಂದು ಒಮ್ಮೆ ವಾಪಸು ಕಳಿಸಿ, ಒಂದು ವರ್ಷ ಅವರ ಮನೆಯ ಶುಭಕಾರ್ಯಕ್ಕೆ ಕರೆಯಿಲ್ಲದೆ ಕೂತವಳು ಅವಳು.

“ನಂದೂ ಡೈರಿಲಿ ಇದೇ ಕೆಲ್ಸ ಸಾರ್” ಅಂದಳು. “ಹಾಲಿನ ಮೇಲೆ ಅನುಮಾನ ಬಂದ್ರೆ ತಕ್ಷಣ ಚೆಲ್ಲಲ್ಲ. ಮಾರನೇ ದಿನ ಅವ್ರ ಕೊಟ್ಟಿಗೆಗೇ ಹೋಗಿ ನನ್ನೆದುರ್ಗೇ ಹಸ ಕರೆಸ್ತೀನಿ. ಹಸಾನೇ ಅಂಥ ಹಾಲು ಕೊಟ್ರೆ ಆಗ ತಗೋತೀನಿ. ಹಂಗೆ ಇದನ್ನ ಮಾಡ್ದೋರನ್ನೇ ಕೇಳಕ್ಕಾಗಲ್ವಾ?”

ಹರಿಪ್ರಸಾದ್ ಮೊದಲ ಬಾರಿಗೆ ನಕ್ಕರು. “ಕಾನೂನೂ ಅದೇ ಹೇಳೋದು. ಹಸಕ್ಕೆ ಆಗ್ಲೇ ಕಾಗದ ಬರ್ದಿದೀನಮ್ಮ. ಹಸ ಇನ್ನೂ ಉತ್ತರ ಕೊಟ್ಟಿಲ್ಲ.”

ಕದಿರಮ್ಮನೂ ನಕ್ಕಳು. ಹರಿಪ್ರಸಾದ್ ದಾರಿ ಹೇಳಿಕೊಟ್ಟರು. ಡಿಸ್ಕು ತಮ್ಮದೇ ಎಂದು ಕಂಪನಿಯವರು ಒಪ್ಪಬೇಕು, ಪಾರ್ಸಲ್ಲನ್ನು ಬದುಕಿರುವವರ ಹೆಸರಿಗೆ ಬದಲಿಸಲು ಅವರೇ ಬರೆದುಕೊಡಬೇಕು. ಆರು ಮನೆಯವರೂ ಇದು ಸ್ವಂತಕ್ಕೆ, ಮಾರಲಿಕ್ಕಲ್ಲ ಎಂದು ಸಹಿ ಹಾಕಬೇಕು. “ನಿಯಮ ಎಷ್ಟು ಗಡುವು ಕೊಡುತ್ತೋ ಅಷ್ಟನ್ನೂ ಕೊಡ್ತೀನಿ. ಅದಕ್ಕಿಂತ ಒಂದು ದಿನ ಹೆಚ್ಚು ಕೊಡಕ್ಕೆ ನನ್ ಕೈಲಾಗಲ್ಲ.”

ಕದಿರಮ್ಮ ಚಕ್ಕೋತ ತೆಗೆದು ಮೇಜಿನ ಮೇಲಿಟ್ಟಳು. ಅವರು ಎರಡೂ ಕೈಯಲ್ಲಿ ಎತ್ತಿ ಚೀಲಕ್ಕೇ ವಾಪಸು ಹಾಕಿದರು. “ಬೇಜಾರು ಮಾಡ್ಕೋಬೇಡಿ ಅಮ್ಮ. ತಗೋಳೋ ಹಾಗಿಲ್ಲ.”

“ಹಣ್ಣು ಕಣಪ್ಪ ಅದು.”

“ಗೊತ್ತಮ್ಮ. ಅದಕ್ಕೇ ಕಷ್ಟ ಆಗ್ತಿರೋದು.”

ಹೊರಗೆ ಕಾವಲಿನವನಿಗೆ ಕೊಡಲು ಹೋದರೆ ಅವನೂ ಬೇಡವೆಂದ. ಕಡೆಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಹಣ್ಣು ಬಿಡಿಸಿ, ಮುನಿಕೃಷ್ಣನ ಪರಿಚಯದ ಡ್ರೈವರುಗಳಿಗೆಲ್ಲ ತೊಳೆ ಹಂಚಿ ಬಂದರು. “ಅಪ್ಪನ್ನ ಕರ್ಕೊಂಡ್ ಬಂದಿಲ್ವೇನ್ಲಾ ಮುನಿ?” ಎಂದು ಒಬ್ಬ ಕೇಳಿದ. ಸುದ್ದಿ ಅಷ್ಟು ಬೇಗ ಹಬ್ಬಿತ್ತು.

ಆಮೇಲಿನ ಕೆಲಸ ಅಕ್ಷತಳದು. ಕಸ್ಟಮ್ಸಿನ ಕಾಗದ ಹೋಗಿದ್ದ, ಡಬ್ಬಿಯ ಮೇಲಿದ್ದ ವಿಳಾಸ ಹಳೆಯದೆಂದೂ, ಕಂಪನಿ ಎಂದರೆ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಎಂದೂ, ಅವರು ಊರು ಬದಲಿಸಿದ್ದಾರೆಂದೂ ಹುಡುಕಿ ಹುಡುಕಿ ಪತ್ತೆ ಮಾಡಿದಳು. ಅವಳು ಬರೆದ ಮಾರನೇ ದಿನವೇ ಆ ಹೆಂಗಸು ಕಸ್ಟಮ್ಸಿಗೆ ಉತ್ತರ ಕಳಿಸಿದಳು. ನಂಬರು ಬರೆದದ್ದು ತಾನೇ ಎಂದು ತೋರಿಸಲು, ಅಡುಗೆಮನೆಯ ಮೇಜಿನ ಮುಂದೆ ಕೂತು ಅದೇ ಪೆನ್ನಿನಲ್ಲಿ ಅವೇ ಅಂಕಿಗಳನ್ನು ಬರೆಯುತ್ತಿರುವ ವಿಡಿಯೋ ಕೂಡ ಜೊತೆಗಿತ್ತು. ಅಕ್ಷತಳಿಗೆ ಬೇರೆ ಎರಡು ಸಾಲು ಬರೆದಿದ್ದಳು: ಗಾಡಿಯವರಲ್ಲಿ ನಿಮ್ಮವರು ಯಾರೆಂದು ಗೊತ್ತಾದರೆ ತಿಳಿಸಿ, ಈ ಚಿತ್ರದಲ್ಲಿರುವ ನಿಮ್ಮ ಊರ ಕಡೆಯವರ ಒಂದು ಹೆಸರೂ ನಮಗೆ ಗೊತ್ತಿಲ್ಲ. ಅದನ್ನು ಓದಿಸಿ ಕೇಳಿದ ಕದಿರಮ್ಮ, “ಯಾರ ಹೊಟ್ಟೇಲಿ ಹುಟ್ಟಿದ ಮಗಳೋ, ತಣ್ಣಗಿರ್ಲಿ” ಅಂದಳು.

ಸಹಿಗಾಗಿ ಮುನಿಕೃಷ್ಣ ಆರೂ ಮನೆ ಸುತ್ತಿದ. ತಾನು ಮಾಡಿದ ತಪ್ಪಿಗೆ ತಾನೇ ತೆರುತ್ತೇನೆಂದು ಬಾಡಿಗೆ ಬಿಟ್ಟು ಓಡಾಡಿದ. ಹರಿಪ್ರಸಾದ್ ಪಾರ್ಸಲ್ ಬಿಡುಗಡೆಯಾದ ವಿಷಯವನ್ನು ಮೆಸೇಜಿಗೆ ಬಿಡದೆ ತಾವೇ ಫೋನು ಮಾಡಿ ಹೇಳಿದರು. “ನಿಮ್ಮ ಅತ್ತೆಯವರ ಅಣ್ಣ ಹೇಗಿದಾರಮ್ಮ?” ಎಂದೂ ಕೇಳಿದರು. ಡೈರಿಯಲ್ಲಿ ಹಾಲಿನ ಸಾಲು ನಿಂತಿತ್ತು. ಶಾಮಲಾ ಫೋನು ಹಿಡಿದೇ ಒಂದು ಗಳಿಗೆ ಗೋಡೆಯ ಕಡೆ ತಿರುಗಿ ನಿಂತಳು. ಇಷ್ಟು ವರ್ಷ ಯಾವ ಕಚೇರಿಯವರೂ ಅವಳ ಮನೆಯವರ ಯೋಗಕ್ಷೇಮ ಕೇಳಿರಲಿಲ್ಲ. “ಮನೆಗ್ ಬಂದವ್ರೆ ಸಾರ್. ನಿಮ್ಮಿಂದ ಉಪಕಾರ ಆಯ್ತು” ಅಂದು ಸಾಲಿನಲ್ಲಿದ್ದವರ ಹಾಲಿಗೆ ಕೈ ಚಾಚಿದಳು.

ಭಾನುವಾರ ಮಧ್ಯಾಹ್ನ ಎಲ್ಲರೂ ಸಮೇತನಹಳ್ಳಿಯಲ್ಲಿ ಸೇರಿದರು. ಯಾವ ದೇಶದ ಡಿಸ್ಕಾದರೂ ಓಡಿಸುವ ಪೆಟ್ಟಿಗೆಯೊಂದನ್ನು ಅಕ್ಷತ ಯಾರಿಂದಲೋ ತಂದಿದ್ದಳು. ಕಿಟಕಿಗೆ ಕಂಬಳಿ ಕಟ್ಟಿದರು. ಅಪ್ಪಯ್ಯಣ್ಣನ ಬೆನ್ನಿಗೆ ದಿಂಬು ಕೊಟ್ಟು ಟಿವಿಯ ಎದುರು ಕೂರಿಸಿದರು. ಕದಿರಮ್ಮ ಮಂಚದ ಕೆಳಗೆ ಅವನ ಕಾಲ ಬಳಿ ಕೂತಳು. ಕುದುರೆಗಳು ಓಡಿದವು, ಬಿಳಿಯರು ಕತ್ತಿ ಬೀಸಿದರು, ಕೋಟೆಯ ಗೋಡೆ ಕಂಡಾಗ ಹೆಂಗಸರು ಗುಜುಗುಜು ಮಾಡಿದರು. ಗಾಡಿಗಳ ಸಾಲು ಬಂದೂ ಆಯಿತು, ಹೋಗಿಯೂ ಆಯಿತು. ಅಪ್ಪಯ್ಯಣ್ಣ ಏನೂ ಹೇಳಲಿಲ್ಲ.

ಅತ್ತೆಯ ಮುಖ ನೋಡಲು ಶಾಮಲಾಗೆ ಧೈರ್ಯ ಸಾಲಲಿಲ್ಲ.

“ಹಿಂದಕ್ ಹಾಕು ಮಗಾ” ಅಂದ ಅಪ್ಪಯ್ಯಣ್ಣ, ಉಸಿರೆಳೆದುಕೊಂಡು. “ಎತ್ತು ನೋಡ್ತಿದ್ದೆ. ಒಂದ್ರದ್ದು ಕೊಂಬು ಮುರ್ದಿತ್ತು ನಮ್ದು.”

ಅಕ್ಷತ ಹಿಂದಕ್ಕೆ ಹಾಕಿದಳು. ಗಾಡಿಗಳು ಮತ್ತೆ ಬಂದವು.

“ನಿಲ್ಸು. ಅಲ್ಲಿ, ಬೇವಿನ ಮರದ ಕೆಳಗೆ. ಎಲ್ರೂ ಕುದ್ರೆ ನೋಡ್ತಾವ್ರಲ್ಲ, ಒಬ್ನು ಮಾತ್ರ ಎತ್ತಿನ ಕತ್ತಿನ ಕೆಳಗೆ ಗಂಗೆದೊಗಲು ಕೆರೀತಾವ್ನೆ ನೋಡು. ಅವ್ನೇ ಕಣಮ್ಮ ಅಪ್ಪ. ನಾನು ಗಾಡಿ ಒಳ್ಗೆ ನಿದ್ದೆ ಹೊಡೀತಿದ್ದೆ, ಕಾಣಲ್ಲ.”

ಪರದೆಯ ಮೇಲೆ ಒಬ್ಬ ಎಳೆ ಗಂಡಸು ನಿಂತಿದ್ದ. ಮುನಿಕೃಷ್ಣನಿಗಿಂತಲೂ ಚಿಕ್ಕವನು. ಎಣ್ಣೆ ಕಾಣದ ಕೂದಲು, ನಗುವಿನ ಹತ್ತಿರಕ್ಕೆ ಬಂದು ನಿಂತ ಬಾಯಿ. ಕದಿರಮ್ಮ ಎದ್ದು ಟಿವಿಯ ತೀರಾ ಹತ್ತಿರ ಹೋದಳು. ಬಹಳ ಹೊತ್ತು ನೋಡಿದಳು.

“ಇಷ್ಟು ಸಣ್ಣೋನಾ ನಮ್ಮಪ್ಪ” ಅಂದಳು. “ಕಿವಿ ನಮ್ಮ ಮುನಿಕೃಷ್ಣನ್ದೇ ನೋಡಮ್ಮ ಶಾಮಲಾ.”

“ಹೌದು ಅತ್ತೆ” ಅಂದಳು ಶಾಮಲಾ.

ಹನುಮಂತರಾಯಪ್ಪ ಕೊಟ್ಟ ಮಾತು ನಡೆಯಿತು.