ಬೀರಮ್ಮ ಮುಗಿಸಿದಳು

ದೇವರಾಜ ಮೊಹಲ್ಲಾದ ಆ ಪ್ರಕಾಶನದ ಮಕ್ಕಳ ಕಥೆಗಳನ್ನೆಲ್ಲ ಟೈಪು ಮಾಡಿದ್ದು ಬೀರಮ್ಮ. ಒಂದೇ ಒಂದು ಪುಸ್ತಕದಲ್ಲೂ ಅವಳ ಹೆಸರಿಲ್ಲ. ಈಗ ಅದೇ ಕುರ್ಚಿಯಲ್ಲಿ ಕೂರುವ ಗಗನಳಿಗೆ ಇದು ಎದೆಯಲ್ಲಿ ಮುಳ್ಳಾಗಿತ್ತು, ಕೀಬೋರ್ಡಿನ ಮೇಲೆ ಬೆರಳಿಡುವುದನ್ನು ಅವಳಿಗೆ ಕಲಿಸಿದವಳೇ ಬೀರಮ್ಮ.

ಬೀರಮ್ಮ ಟೈಪ್‌ರೈಟರ್ ಕಾಲದವಳು. ಕಂಪ್ಯೂಟರಿಗೆ ಬಂದ ಮೇಲೂ ಸಾಲು ತುಂಬಿದ ಕೂಡಲೇ ಎಂಟರ್ ಒತ್ತುವುದನ್ನು ಬಿಡಲಿಲ್ಲ. ಕರೆಂಟು ಹೇಳದೆ ಕೇಳದೆ ಹೋಗುತ್ತಿದ್ದ ದಿನಗಳವು. ಎಲ್ಲಿಯವರೆಗೆ ಆಯಿತೆಂದು ಗೊತ್ತಾಗಲಿ ಅಂತ ಪ್ರತಿ ಕಥೆಯ ಕೊನೆಗೆ 'ಬೀರಮ್ಮ ಮುಗಿಸಿದಳು' ಎಂದು ಒಂದು ಸಾಲು ಹೊಡೆಯುತ್ತಿದ್ದಳು. ಅಚ್ಚಿಗೆ ಹೋಗುವಾಗ ಅದನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆಯುತ್ತಿದ್ದರು. ಮೂಲ ಫೈಲಿನಲ್ಲಿ ಮಾತ್ರ ಉಳಿಯುತ್ತಿತ್ತು.

ಆ ಕಥೆಗಳು ಈಗ ಮಕ್ಕಳು ಓದುವ ಒಂದು ಮೊಬೈಲ್ ಆ್ಯಪಿಗೆ ಹೋಗಬೇಕಿತ್ತು. ಬೀರಮ್ಮನ ಎಂಟರುಗಳು ಸಣ್ಣ ಪರದೆಯಲ್ಲಿ ವಾಕ್ಯಗಳನ್ನು ಎಲ್ಲೆಂದರಲ್ಲಿ ಮುರಿಯುತ್ತಿದ್ದವು. ಗಗನ ಕಂಪ್ಯೂಟರಿಗೆ ಆಜ್ಞೆ ಕೊಡುವ ಕಪ್ಪು ಪರದೆ ತೆರೆದು, ಕಮಾಂಡುಗಳನ್ನು ಜೋಡಿಸಿ ಪುಟ್ಟದೊಂದು ಸ್ಕ್ರಿಪ್ಟ್ ಬರೆದಳು. ಅದು ಮುರಿದ ಸಾಲುಗಳನ್ನು ಹೊಲಿಯುತ್ತಿತ್ತು. 'ಬೀರಮ್ಮ ಮುಗಿಸಿದಳು' ಕಂಡಲ್ಲಿ ನಿಂತು, ಮುಂದಿನ ಕಥೆಯನ್ನು ಹೊಸ ಫೈಲಿನಲ್ಲಿ ಶುರು ಮಾಡುತ್ತಿತ್ತು. ಒಂದೊಂದು ಫೈಲಿನಲ್ಲೂ ಹಲವು ಕಥೆಗಳು ಸಾಲಾಗಿದ್ದವು, ಕಥೆಯ ಅಂತ್ಯಕ್ಕೆ ಬೇರೆ ಗುರುತೇ ಇರಲಿಲ್ಲ.

ಮಾಲೀಕ ವಿಜಯ್‌ಕುಮಾರ್ ಬಗ್ಗಿ ನೋಡಿದ. "ಇದೇನಮ್ಮ, ಕಥೆಗೊಂದು ಬೀರಮ್ಮ? ಓದೋ ಮಕ್ಕಳು ನಗಲ್ವಾ? ಅಳಿಸ್ಬುಡು."

"ಅಳಿಸಲ್ಲ ಸರ್. ಅವ್ರು ಮಾಡಿರೋ ಕೆಲ್ಸ, ಹೆಸ್ರು ಇರ್ಲಿ," ಎಂದು ಗಗನ ಊಟಕ್ಕೆ ಎದ್ದು ಹೋದಳು.

ಎದುರುತ್ತರ ಕೇಳಿ ಅಭ್ಯಾಸವಿಲ್ಲದ ಮನುಷ್ಯ. ತಾನೇ ಕೂತು ಆ ಸಾಲನ್ನು ಎಲ್ಲ ಫೈಲುಗಳಿಂದ ಅಳಿಸಿ, ಅವುಗಳ ಮೇಲೆಯೇ ಸೇವ್ ಮಾಡಿದ. ಗಗನ ಕೀಬೋರ್ಡಿನ ಬಾಣದ ಗುಂಡಿ ಒತ್ತಿ ಹಿಂದಿನ ಕಮಾಂಡು ತರಿಸುವುದನ್ನು ನೋಡಿಕೊಂಡಿದ್ದ, ತಾನೂ ಹಾಗೇ ಒತ್ತಿ ಸ್ಕ್ರಿಪ್ಟನ್ನು ಓಡಿಸಿದ. ನರಿಯ ಕಥೆಯೊಳಕ್ಕೆ ರಾಜಕುಮಾರಿ ಬಂದಳು, ಅವಳ ಮದುವೆಗೆ ಆಮೆ ಹೊರಟಿತು, ನಿಲ್ಲುವ ಗುರುತು ಸಿಗದೆ ಎಲ್ಲ ಕಥೆಗಳೂ ಕಲಸಿ ಒಂದೇ ಮುದ್ದೆಯಾದವು.

"ನಿನ್ ಸ್ಕ್ರಿಪ್ಟೇ ಸರಿ ಇಲ್ಲ ಕಣಮ್ಮ," ಎಂದ, ಗಗನ ವಾಪಸು ಬಂದಾಗ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಥೆಗಳನ್ನು ಸಂಜೆಯೊಳಗೆ ಆ್ಯಪಿನವರಿಗೆ ಕಳಿಸಬೇಕಿತ್ತು. ಇನ್ನೊಂದು ಪ್ರತಿ ಇಟ್ಟುಕೊಳ್ಳುವ ಪದ್ಧತಿ ಆ ಆಫೀಸಿಗೆ ಇರಲಿಲ್ಲ.

ಪ್ರತಿ ಇದ್ದದ್ದು ಬೀರಮ್ಮನ ಹತ್ತಿರ. ಕೆಲಸ ಬಿಡುವಾಗ, ನೆನಪಿಗಿರಲಿ ಎಂದು, ತಾನು ಟೈಪು ಮಾಡಿದ್ದನ್ನೆಲ್ಲ ಗಗನಳ ಕೈಲೇ ಒಂದು ಪೆನ್ ಡ್ರೈವಿಗೆ ಹಾಕಿಸಿಕೊಂಡಿದ್ದಳು. ಗಗನ ಮಂಡಿ ಮೊಹಲ್ಲಾದ ಅವಳ ಮನೆಗೆ ಹೋದಳು. ಬೀರಮ್ಮ ಅದನ್ನು ಎಲೆಅಡಿಕೆ ಡಬ್ಬಿಯಿಂದ ತೆಗೆದು ಕೊಟ್ಟಳು. ನಡೆದದ್ದನ್ನು ಕೇಳಿ ಸಿಟ್ಟೂ ಆಗಲಿಲ್ಲ.

"ಓಗ್ಲಿ ಬುಡವ್ವ. ನನ್ನ ಎಸ್ರು ತಕ್ಕೊಂಡು ಅವ್ರೇನ್ ಮಾಡ್ತಾರೆ? ತೆಗ್ದು ಕೊಟ್ಬುಡು." ಡಬ್ಬಿಯ ಮುಚ್ಚಳ ಒತ್ತುತ್ತ ಹೇಳಿದಳು, "ನಾಕ್ ಜನ ಓದೋ ಕಡೆ ಒಂದ್ಸಲ ನೋಡ್ಬೇಕು ಅಂತ ಆಸೆ ಇತ್ತು. ಕೇಳಕ್ಕೆ ನಾಚ್ಕೆ ಆಯ್ತಿತ್ತು."

ಗಗನಳಿಗೆ ಅಳು ಬಂತು. ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. "ನೀವು ಕೇಳೋದು ಬೇಡಮ್ಮ. ನಾನೂ ಕೇಳಲ್ಲ," ಎಂದು ಎದ್ದಳು.

ಆಫೀಸಿನಲ್ಲಿ ವಿಜಯ್‌ಕುಮಾರ್ ಪೆನ್ ಡ್ರೈವಿಗೆ ಕೈ ಚಾಚಿದ. ಗಗನ ಮುಷ್ಟಿ ಬಿಚ್ಚಲಿಲ್ಲ.

"ಮೊದ್ಲು ಕಥೆ ಬೇರೆ ಬೇರೆ ಮಾಡು, ಆಮೇಲೆ ಹೆಸ್ರು ತೆಗೆದ್ರಾಯ್ತು," ಎಂದ ಅವನು.

"ಇದು ಬೀರಮ್ಮನೋರ ಪೆನ್ ಡ್ರೈವ್ ಸರ್. ಹೆಸ್ರು ಇದ್ರೆ ಕಥೆ. ಇಲ್ದಿದ್ರೆ ನರಿನೂ ರಾಜಕುಮಾರಿನೂ ಹಂಗೇ ಇರ್ಲಿ, ನೀವೇ ಕೂತು ಬಿಡಿಸ್ಕೊಳ್ಳಿ."

"ಕೆಲ್ಸ ಹೋಗುತ್ತೆ ನೋಡು."

"ಹೋಗ್ಲಿ. ಪೆನ್ ಡ್ರೈವೂ ನನ್ ಜೊತೆ ಹೋಗುತ್ತೆ."

ಅವನು ಗಡಿಯಾರ ನೋಡಿದ, ಪರದೆಯ ಮುದ್ದೆ ನೋಡಿದ, ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತ. "ಓಡಿಸಮ್ಮ," ಎಂದ.

ಕಥೆಗಳು ಒಂದೊಂದಾಗಿ ಬಿಡಿಸಿಕೊಂಡು ಬಂದವು. ಗಗನ ಅವನಿಗೆ ತನ್ನ ಕುರ್ಚಿ ಬಿಟ್ಟುಕೊಡಲಿಲ್ಲ. ತಾನೇ ಎಲ್ಲವನ್ನೂ ಕಳಿಸಿ, ಬಂದು ತಲುಪಿತು ಎಂಬ ಉತ್ತರ ಓದಿದ ಮೇಲೆಯೇ ಎದ್ದಳು.

ವಿಜಯ್‌ಕುಮಾರ್ ನರಿಯ ಕಥೆಯನ್ನು ಕೊನೆಯ ಸಾಲಿನವರೆಗೂ ಓದಿದ. "ನಾಳೆ ಮಕ್ಕಳು ಯಾರೀ ಬೀರಮ್ಮ ಅಂತ ಕೇಳಿದ್ರೆ?"

"ಕೇಳ್ಲಿ ಅಂತಾನೇ ಇಟ್ಟಿರೋದು ಸರ್," ಎಂದು ಗಗನ ಪೆನ್ ಡ್ರೈವನ್ನು ಹೊರಗೆಳೆದುಕೊಂಡಳು.